ಕುದುರೆ ಕೊಟ್ಟು ತಂದ ಟಂಟಂ

"ಕದಾ ತುಸು ಎತ್ತಿ ಹಾಕ್ರಿ. ಇಲ್ಲಂದ್ರ ಚಿಲಕ ಬೀಳೂದಿಲ್ಲ."

ತಂಗೆವ್ವ ಗಂಡನಿಗೆ ಹೇಳಿದ ಕಡೆಯ ಮಾತು ಇದು.

ಸಂಜೆ ಗಾಳಿ ಬಿಟ್ಟಿತ್ತು. ಕದ ಬಡಿದುಕೊಳ್ಳುತ್ತಿತ್ತು. ರೇವಪ್ಪ ಅವಳ ಹಾಸಿಗೆಯ ಪಕ್ಕದಿಂದ ಎದ್ದು ಹೋಗಿ ತುಸು ಎತ್ತಿ ಹಾಕಿದ. ಚಿಲಕ ಬಿತ್ತು. ತಿರುಗಿ ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಅವಳ ದಿನಕರ್ಮ ಮುಗಿದ ಮೇಲೆ ರೇವಪ್ಪ ತನ್ನ ಹಿಟ್ಟಿನ ಗಿರಣಿಯನ್ನು ತಮ್ಮನಿಗೆ ಬಿಟ್ಟ. ಮನೆಗೆ ಕೀಲಿ ಹಾಕಿದ. ಹೊಳೆದಂಡೆಯ ಮಠಕ್ಕೆ ಬಂದ.

ಮಠದ ಸ್ವಾಮಿಗಳು, ಎಲ್ಲರ ಬಾಯಲ್ಲೂ ಅಜ್ಜಾರು, ಬೇವಿನ ಗಿಡದ ಕೆಳಗೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು.

"ಅಜ್ಜಾರ, ನನ್ನ ಹೆಣ್ತಿ ಹೋಗೂ ಮುಂದ ಒಂದು ಮಾತು ಹೇಳಿದ್ಲು. ಅದರ ಅರ್ಥ ಬೇಕಾಗಿತ್ರಿ."

"ಏನಂದ್ಲು?"

ರೇವಪ್ಪ ಹೇಳಿದ.

"ಎತ್ತಿ ಹಾಕಿದೇನು?"

"ಹಾಕಿದ್ನಿರಿ."

"ಚಿಲಕ ಬಿತ್ತೇನು?"

"ಬಿತ್ರಿ."

"ಮತ್ತೇನು?"

ರೇವಪ್ಪ ಅವರ ಮುಂದೆ ಕುಳಿತ.

"ಅಷ್ಟು ವರ್ಷ ಸಂಸಾರ ಮಾಡಿದ್ವಿ ಅಜ್ಜಾರ. ಹೋಗೂ ಮುಂದ ನನಗ ಒಂದು ಮಾತು ಬ್ಯಾಡೇನ್ರಿ? ಕದದ ಮಾತು ಹೇಳಿ ಹೋದ್ಲು. ನನಗೇನೂ ಹೇಳ್ಲಿಲ್ಲ."

ಅಜ್ಜಾರು ಒಂದು ಹಳದಿ ಎಲೆ ಆರಿಸಿ ಆಚೆ ಇಟ್ಟರು.

"ಕುದುರಿಗೆ ನೀರು ಕುಡಿಸಿ ಬಾ," ಎಂದರು.

ಹೀಗೆ ರೇವಪ್ಪ ಮಠದಲ್ಲಿ ಉಳಿದ.

ಕುದುರೆಯ ಹೆಸರು ಮಾಣಿಕಿ. ಕೆಂಪು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ. ದಿನಾ ಬೆಳಗ್ಗೆ ಅಜ್ಜಾರು ಅದರ ಮೇಲೆ ಕುಳಿತು ಸುತ್ತಿನ ಊರುಗಳಿಗೆ ಹೋಗುವರು. ಮನೆಮನೆಯವರು ರೊಟ್ಟಿ ಕೊಡುವರು. ಆ ರೊಟ್ಟಿಯೇ ಮಠಕ್ಕೆ ಬಂದವರ ಊಟ.

ಯಾವ ಮನೆಯ ಮುಂದೆ ನಿಲ್ಲಬೇಕು ಎಂದು ಮಾಣಿಕಿಗೆ ಹೇಳುವುದೇ ಬೇಕಿರಲಿಲ್ಲ. ರೇವಪ್ಪ ಹಗ್ಗ ಹಿಡಿದು ಪಕ್ಕಕ್ಕೆ ನಡೆಯುವನು. ಹಿಡಿದದ್ದು ಅವನು. ಕರೆದುಕೊಂಡು ಹೋಗುವುದು ಕುದುರೆ.

ಬರಬರುತ್ತ ಅಜ್ಜಾರಿಗೆ ಮೊಣಕಾಲು ಹಿಡಿಯಿತು. ಕುದುರೆ ಹತ್ತಬೇಕಾದರೆ ಇಬ್ಬರು ಎತ್ತಬೇಕು. ಇಳಿಯಬೇಕಾದರೆ ಮೂವರು.

ಒಂದು ದಿನ ಲಾಡ್ಲೇಸಾಬ ಎಂಬ ಮುದುಕ ಮಠದ ಮುಂದೆ ಬಂದ. ಊರೂರು ತಿರುಗಿ ನೀರು ಕುಡಿಯುವ ಚರಗಿ, ಬಕೀಟು, ಬುಟ್ಟಿಯಂಥ ಪುಟ್ಟಿ ಮಾರುವವನು. ಮೂರು ಗಾಲಿಯ ತನ್ನ ಟಂಟಂ ಗಾಡಿಯನ್ನು ನೂಕಿಕೊಂಡು ಬಂದಿದ್ದ. ನೀರು ಕುಡಿದ. ಮಾಣಿಕಿಯನ್ನು ನೋಡಿದ. ಅದರ ಕುತ್ತಿಗೆಯ ಮೇಲೆ ಕೈ ಇಟ್ಟ. ಕೈ ತೆಗೆಯಲಿಲ್ಲ.

"ವಯಸ್ಸಿನಾಗ ಟಾಂಗಾ ಹೊಡೀತಿದ್ದೆರಿ ಅಜ್ಜಾರ," ಎಂದ. "ಈ ಕುದುರಿ ನನಗ ಕೊಡ್ರಿ. ನನ್ನ ಗಾಡಿ ನೀವು ತಗೋರಿ."

"ಗಾಡಿ ಓಡತೈತೇನು?"

"ಸುಳ್ಳು ಯಾಕ ಹೇಳ್ಲಿ. ಈಗ ಓಡೂದಿಲ್ರಿ. ಹಗ್ಗ ಎಳದು ಸುರು ಮಾಡೂ ಗಾಡಿ ಅದು. ನನ್ನ ರಟ್ಟಿಗೆ ಶಕ್ತಿ ಇಲ್ಲ."

"ನನ್ನ ಮೊಣಕಾಲೂ ಓಡೂದಿಲ್ಲ. ಅದಕ್ಕೂ ನನಗೂ ಜೋಡಿ ಆತು. ಕುದುರಿ ಹೊಡಕೊಂಡು ಹೋಗು."

ಮಾಣಿಕಿ ಹೋಯಿತು. ಟಂಟಂ ಉಳಿಯಿತು. ಅದರ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಅಜ್ಜಾರ, ಮೋಸ ಹೋದ್ರಿ," ಎಂದ ರೇವಪ್ಪ.

"ಹೌದೇನು? ಭಾಳ ದಿನ ಆಗಿತ್ತು ನೋಡು."

"ನಗಬ್ಯಾಡ್ರಿ. ಬಂಗಾರದಂಥಾ ಕುದುರಿ. ಮತ್ತ ನನ್ನ ಮಾತಿಗೂ ನೀವು ಇನ್ನೂ ಉತ್ತರ ಕೊಟ್ಟಿಲ್ಲ."

ಅಜ್ಜಾರು ಟಂಟಂ ಹತ್ತಿ ಕುಳಿತರು. ಯಾರೂ ಎತ್ತಬೇಕಾಗಲಿಲ್ಲ. ಅದೇ ಅವರಿಗೆ ದೊಡ್ಡ ಖುಷಿ.

"ಇದನ್ನ ಸುರು ಮಾಡು," ಎಂದರು. "ಸುರು ಆದ ದಿನ ಕೇಳು. ಹೇಳ್ತೀನಿ."

ರೇವಪ್ಪ ಗಿರಣಿಯ ಎಂಜಿನ್ ಬಿಚ್ಚಿ ಜೋಡಿಸಿದ ಕೈಯವನು. ಮರುದಿನವೇ ತಮ್ಮನಿಂದ ಬೋಲ್ಟು ಬಿಚ್ಚುವ ಪಾನಾ ತರಿಸಿ ಗಾಡಿ ಬಿಚ್ಚಿದ.

ಒಳಗೆ ನೋಡಿ ತಲೆ ಚಚ್ಚಿಕೊಂಡ.

ಗೇರಿನ ಕೆಳಗೆ ಹಳೆಯ ಚಪ್ಪಲಿಯ ತುಂಡು. ಡೀಸೆಲ್ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ. ಡೀಸೆಲ್ ತುಂಬುವ ಟಾಕಿಯ ಅಡಿಗೆ ಗೋಣಿಚೀಲ. ಟಾಕಿಯ ಬಾಯಿಗೆ ಮುಚ್ಚಳವೇ ಇಲ್ಲ, ಯಾವುದೋ ಹಿತ್ತಾಳೆ ಡಬ್ಬಿಯ ಮುಚ್ಚಳ ಬಡಿದು ಕೂರಿಸಿದ್ದು.

"ಇದು ಗಾಡಿನೋ ತಿಪ್ಪಿನೋ," ಎಂದು ಒಂದೊಂದನ್ನೇ ಕಿತ್ತು ಪುಟ್ಟಿಗೆ ಎಸೆದ.

ಅಜ್ಜಾರು ಬಂದು ಪುಟ್ಟಿಯ ಮುಂದೆ ಕುಳಿತರು. ಚಪ್ಪಲಿಯ ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮತ್ತೆ ಪುಟ್ಟಿಯಲ್ಲಿ ಇಟ್ಟರು.

"ಒಗೀಬ್ಯಾಡ," ಎಂದರು.

"ಕಸಾ ಅಜ್ಜಾರ ಅದು."

"ಇರ್ಲಿ. ಮಠದಾಗ ಜಾಗಾ ಭಾಳ ಐತಿ."

ಪೇಟೆಯಿಂದ ಹೊಸ ಪೈಪು ಬಂತು. ಹೊಸ ಮುಚ್ಚಳ ಬಂತು. ರೇವಪ್ಪ ಎಂಜಿನ್ ತೊಳೆದ, ಒರೆಸಿದ, ಜೋಡಿಸಿದ. ಎಷ್ಟೋ ದಿನದ ಮೇಲೆ ಅವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಊಟಕ್ಕೆ ಕರೆದರೆ, "ಬಂದೆ, ಬಂದೆ," ಎನ್ನುವನು. ಬರುವನು ಊಟ ಆರಿದ ಮೇಲೆ.

ಬಣ್ಣ ಯಾವುದು ಎಂದು ಮಠದಲ್ಲಿ ಜಗಳ ಎದ್ದಿತು. ಭಕ್ತರು ಕಾವಿ ಎಂದರು. ಅಡುಗೆಯ ನೀಲವ್ವ ಅರಿಶಿನ ಎಂದಳು.

"ಗಿಣಿಹಸಿರು," ಎಂದರು ಅಜ್ಜಾರು.

"ಅಜ್ಜಾರ, ಮಠದ ಗಾಡಿಗೆ ಗಿಣಿಹಸಿರೇನ್ರಿ? ನೋಡಿದವರು ಏನಂದಾರು?"

"ಗಿಣಿ ಬಂತು ಅಂದಾರು."

ಗಿಣಿಹಸಿರೇ ಆಯಿತು. ಬಣ್ಣ ಒಣಗುವ ಮೊದಲೇ ಅಜ್ಜಾರು ಹತ್ತಿ ಕುಳಿತರು. ಕಾವಿಯ ಹಿಂಭಾಗ ಹಸಿರಾಯಿತು. ಓಡದ ಗಾಡಿಯಲ್ಲಿ ಕುಳಿತು ಬಾಯಿಂದಲೇ ಪೋಂ ಪೋಂ ಎಂದು ಹಾರ್ನ್ ಹೊಡೆದರು. ನೀಲವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು.

ಒಂದು ಬೆಳಗ್ಗೆ ರೇವಪ್ಪ ಹಗ್ಗ ಸುತ್ತಿ ಎಳೆದ.

ಟಂಟಂ ಕೆಮ್ಮಿತು. ಮತ್ತೆ ಎಳೆದ. ಗುಡುಗಿತು. ಮಠದವರೆಲ್ಲ ಹೊರಗೆ ಬಂದರು. ರೇವಪ್ಪ ಹತ್ತಿ ಬಿಟ್ಟ. ಗಾಡಿ ಗೇಟು ದಾಟಿತು, ಹುಣಸೆಮರದ ತನಕ ಹೋಯಿತು, ನಿಂತಿತು.

ನೂಕಿಕೊಂಡು ಬಂದರು.

ಮತ್ತೆ ಬಿಚ್ಚಿದ. ಮತ್ತೆ ಜೋಡಿಸಿದ. ಮತ್ತೆ ಸುರು ಆಯಿತು. ಮತ್ತೆ ಹುಣಸೆಮರದ ಹತ್ತಿರವೇ ನಿಂತಿತು. ಹೀಗೆ ದಿನಾ ನಡೆಯಿತು. ಊರವರು ನೂಕಲೆಂದೇ ಹೊತ್ತಿಗೆ ಸರಿಯಾಗಿ ಬಂದು ಮರದ ಕೆಳಗೆ ಕುಳಿತಿರುತ್ತಿದ್ದರು.

ರೇವಪ್ಪ ಪಾನಾ ಕೆಳಗೆ ಇಟ್ಟ.

"ಎಲ್ಲಾ ಹೊಸಾದು ಹಾಕೀನಿ. ಯಾಕ ನಿಲ್ತೈತೋ ತಿಳೀವಲ್ದು ಅಜ್ಜಾರ."

"ಇಲ್ಲೀತನಕ ಇದನ್ನ ಯಾರು ನಡಿಸ್ಯಾರ?"

"ಲಾಡ್ಲೇಸಾಬ."

"ಅವನ್ನ ಕೇಳು."

"ಅಂವ ನಮಗ ಟೋಪಿ ಹಾಕ್ಯಾನ್ರಿ. ಅವನ್ನ ಏನು ಕೇಳೂದು?"

"ಹಾಕಿದ್ದು ನನಗ. ನಿನ್ನ ತಲಿ ಬರೇ ಐತಲ್ಲ, ಹೋಗು. ಆ ಪುಟ್ಟೀನೂ ತಗೊಂಡು ಹೋಗು."

ರೇವಪ್ಪ ಪುಟ್ಟಿ ಹೊತ್ತು ನಡೆದ. ಬೈಯಬೇಕಾದ ಮಾತೆಲ್ಲ ದಾರಿಯಲ್ಲೇ ಜೋಡಿಸಿಕೊಂಡ.

ಮುಂದಿನ ಊರಿನ ಓಣಿಯಲ್ಲಿ ಲಾಡ್ಲೇಸಾಬ ಸಿಕ್ಕ. ಹಳೆಯ ಟಾಂಗಾಕ್ಕೆ ಮಾಣಿಕಿಯನ್ನು ಹೂಡಿದ್ದ. ಟಾಂಗಾದ ತುಂಬ ಚರಗಿ, ಬಕೀಟು. ಒಂದು ಮನೆಯ ಮುಂದೆ ಮಾಣಿಕಿ ನಿಂತುಬಿಟ್ಟಿತ್ತು. ಕಟ್ಟೆಯ ಮೇಲೆ ಆ ಮನೆಯ ಹೆಣ್ಣುಮಗಳು ಎರಡು ಕೈಯಲ್ಲಿ ರೊಟ್ಟಿ ಹಿಡಿದು ನಗುತ್ತಿದ್ದಳು.

ರೇವಪ್ಪ ಬಾಯಿ ತೆರೆಯುವ ಮೊದಲೇ ಮುದುಕ ಸುರು ಮಾಡಿದ.

"ಎಂಥಾ ಕುದುರಿ ಕೊಟ್ರಪಾ ನನಗ. ಮನಿಮನಿ ಮುಂದ ನಿಲ್ತೈತಿ. ಜಪ್ಪಯ್ಯ ಅಂದ್ರೂ ಕದಲೂದಿಲ್ಲ. ಅಜ್ಜಾರು ಬಂದ್ರಂತ ಎಲ್ಲಾರೂ ರೊಟ್ಟಿ ತಗೊಂಡು ಹೊರಗ ಬರ್ತಾರ. ನನ್ನ ಮಾರಿ ನೋಡಿ ನಗ್ತಾರ. ನಕ್ಕು ಸುಮ್ಮನ ಒಳಗ ಹೋಗಾಕ ನಾಚಿ ಒಂದು ಚರಗಿ ತಗೋತಾರ. ಇಂಥಾ ವ್ಯಾಪಾರ ನಾ ಹುಟ್ಟಿ ಕಂಡಿಲ್ಲ."

ಮಾಣಿಕಿ ರೇವಪ್ಪನ ಹೆಗಲಿಗೆ ಮೂತಿ ಒರೆಸಿತು. ಜೋಡಿಸಿಕೊಂಡ ಬೈಗುಳದಲ್ಲಿ ಅರ್ಧ ಅಲ್ಲಿಗೇ ಹೋಯಿತು.

"ಕಾಕಾ, ನಿಮ್ಮ ಗಾಡಿ ಹುಣಸಿಗಿಡದ ತನಕ ಬಂದು ನಿಲ್ತೈತಿ," ಎಂದು ಪುಟ್ಟಿ ಇಳಿಸಿದ.

ಲಾಡ್ಲೇಸಾಬ ಪುಟ್ಟಿ ನೋಡಿ ಟಾಂಗಾದಿಂದ ಇಳಿದೇಬಿಟ್ಟ.

"ಅಯ್ಯ, ಇದನ್ಯಾಕ ತಗದ್ರಿ?" ಹಿತ್ತಾಳೆಯ ಮುಚ್ಚಳ ಎತ್ತಿ ಹಿಡಿದ. "ಇಲ್ಲಿ ತೂತ ಐತಿ ನೋಡ್ರಿ. ಟಾಕಿ ಇದರಾಗ ಉಸರಾಡತೈತಿ. ನೀವು ಹೊಸಾದು ಬಿಗದು ಕುಂಡ್ರಿಸೀರಿ. ಉಸರು ಕಟ್ಟಿದ್ರ ಡೀಸೆಲ್ ಹೆಂಗ ಇಳೀಬೇಕು?"

ರೇವಪ್ಪ ತೂತು ನೋಡಿದ. ಅದರಲ್ಲಿ ಒಂದು ಕಣ್ಣಿಟ್ಟು ಆಕಾಶವನ್ನೂ ನೋಡಿದ.

"ಚಪ್ಪಲಿ ತುಂಡು?"

"ಅದು ಇರಲಾರದಿದ್ರ ಗೇರ್ ದಿನ್ನಿ ಏರೂ ಮುಂದ ಜಾರತೈತಿ. ಗೋಣಿಚೀಲ ಟಾಕಿಗೆ ಬಿಸಿ ಹತ್ತಬಾರದಂತ. ಮತ್ತ ಹಗ್ಗ ಎಳಿಯೂ ಮುಂದ ಒಮ್ಮೆ ಸುಮ್ಮನ ಎಳದು ಬಿಡ್ರಿ, ಎರಡನೇದು ಎಳೀರಿ. ಮೊದಲನೇದಕ್ಕ ಅದು ಎದ್ದು ಕುಂದರತೈತಿ, ಅಷ್ಟೇ. ಎಡಕ್ಕ ಹೊರಳೂ ಮುಂದ ತುಸು ಮುಂಗಡ ತಿಳಿಸ್ರಿ, ಅದಕ್ಕ ಕಿವಿ ಮಂದ. ಚಳಿಗಾಲದಾಗ ರಾತ್ರಿ ಬಯಲಾಗ ಬಿಡಬ್ಯಾಡ್ರಿ..."

ನಿಲ್ಲಲೇ ಇಲ್ಲ. ಕಟ್ಟೆಯ ಮೇಲಿನ ರೊಟ್ಟಿ ಆರಿದವು.

ರೇವಪ್ಪ ಕೇಳುತ್ತ ಕೇಳುತ್ತ ಕುಳಿತ.

"ಕಾಕಾ, ಗಾಡಿ ಕೊಟ್ಟು ಆತು. ಇನ್ನ ನಿಮಗ್ಯಾಕ ಇಷ್ಟು ಚಿಂತಿ?"

ಲಾಡ್ಲೇಸಾಬ ಅವನನ್ನು ವಿಚಿತ್ರವಾಗಿ ನೋಡಿದ.

"ಕೊಟ್ಟೀನಂತನ ಹೇಳಾಕತ್ತೀನಿ. ಇಟ್ಕೊಂಡಿದ್ರ ಯಾರಿಗೆ ಹೇಳ್ತಿದ್ದೆ?"

ರೇವಪ್ಪ ಮಾಣಿಕಿಯ ಕುತ್ತಿಗೆಗೆ ಮುಖ ಹಚ್ಚಿ ನಿಂತ. ಮುದುಕ ಮುಚ್ಚಳ ಒರೆಸುತ್ತ ಕಾದ.

ಮುಖ ಎತ್ತಿದಾಗ ರೇವಪ್ಪನ ಕಣ್ಣು ಒದ್ದೆಯಾಗಿತ್ತು. ಬಾಯಿ ಮಾತ್ರ ಬೇರೆ ಮಾತಿಗೆ ತೆರೆದಿತ್ತು.

"ಬಕೀಟ ಬಲಗಡೆ ಇಟ್ರ ಇದು ನೀರು ಕುಡಿಯೂದಿಲ್ಲ ಕಾಕಾ. ಎಡಕ್ಕ ಇಡ್ರಿ. ಮತ್ತ ಛತ್ರಿ ಬಿಚ್ಚಿದ್ರ ಬೆದರತೈತಿ. ಬೆದರಿದ್ರ ಹೊಡೀಬ್ಯಾಡ್ರಿ, ಕಿವಿ ಹಿಂದ ಕೆರೀರಿ. ಒಣಾ ರೊಟ್ಟಿ ಕೊಟ್ರ ಮಾರಿ ತಿರುವತೈತಿ, ತುಸು ಬೆಲ್ಲಾ..."

"ಹಗ್ಗ ಸುತ್ತೂ ಮುಂದ ಬೆರಳು ಒಳಗ ಇರಬಾರದು..."

"ಮಲಗೂ ಮುಂದ ಒಮ್ಮೆ ಮೈ ಮ್ಯಾಲ ಕೈ ಆಡಿಸಬೇಕು..."

"ಒಬ್ಬರದು ಮುಗೀಲಿ ತಡೀರೋ ಯಪ್ಪಾ," ಎಂದಳು ಕಟ್ಟೆಯ ಮೇಲಿನ ಹೆಣ್ಣುಮಗಳು. "ಮಗಳನ್ನ ಗಂಡನ ಮನಿಗಿ ಕಳಿಸಿದವರಂಗ ಮಾಡ್ತೀರಲ್ಲ ಇಬ್ಬರೂ."

ಮೂವರೂ ನಕ್ಕರು. ಆರಿದ ರೊಟ್ಟಿಯನ್ನು ಅಲ್ಲೇ ಕುಳಿತು ಹಂಚಿಕೊಂಡು ತಿಂದರು. ಮಾಣಿಕಿಗೂ ಒಂದು ಬಂತು, ಬೆಲ್ಲ ಹಚ್ಚಿ.

ರೇವಪ್ಪ ಮಠಕ್ಕೆ ಬಂದು ಕಸವನ್ನೆಲ್ಲ ಮತ್ತೆ ಗಾಡಿಗೆ ಹಾಕಿದ. ಚಪ್ಪಲಿಯ ತುಂಡು ಅದರ ಜಾಗಕ್ಕೆ. ಗೋಣಿಚೀಲ ಅದರ ಜಾಗಕ್ಕೆ. ಹಿತ್ತಾಳೆಯ ಮುಚ್ಚಳ ಟಾಕಿಯ ಬಾಯಿಗೆ.

ಹಗ್ಗ ಒಮ್ಮೆ ಸುಮ್ಮನೆ ಎಳೆದು ಬಿಟ್ಟ. ಎರಡನೆಯದು ಎಳೆದ.

ಟಂಟಂ ಗುಡುಗಿತು. ಗೇಟು ದಾಟಿತು. ನೂಕಲು ಬಂದವರು ಹುಣಸೆಮರದ ಕೆಳಗೆ ಎದ್ದು ನಿಂತರು. ಗಾಡಿ ಅವರನ್ನು ದಾಟಿ ಹೋಗಿಯೇಬಿಟ್ಟಿತು. ಅವರು ಹಿಂದೆ ಓಡಿದರು, ಸುಮ್ಮನೆ, ಖುಷಿಗೆ. ಹೊಳೆಯ ತನಕ ಹೋಗಿ ತಿರುಗಿ ಬಂದಾಗ ಟಂಟಂ ತುಂಬ ಜನ. ಎಣ್ಣೆಗೆ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಎಲ್ಲರ ಬಟ್ಟೆಗೂ ಅಷ್ಟಷ್ಟು ಹಸಿರು.

ಸಂಜೆ ಅಜ್ಜಾರು ಕಟ್ಟೆಗೆ ಬಂದರು.

"ಸುರು ಆತಲ್ಲ. ಕೇಳಪಾ ಈಗ."

ರೇವಪ್ಪ ಕೈಯ ಎಣ್ಣೆ ಒರೆಸಿಕೊಂಡ.

"ಅದು ಈಗ ಬ್ಯಾಡ್ರಿ ಅಜ್ಜಾರ. ಆಕಿ ನನಗ ಹೇಳಿದ್ಲು. ಮನಿ ನನ್ನ ಕೈಗೆ ಕೊಟ್ಟು ಹೇಳಿದ್ಲು."

"ಮತ್ತ ಮಾರಿ ಯಾಕ ಹಂಗ ಐತಿ?"

"ಇನ್ನೂ ಎಷ್ಟು ಹೇಳೂದಿತ್ತೋ ಆಕಿಗೆ. ಕದದ ತನಕ ಬಂದಿದ್ಲು, ಅಷ್ಟೇ. ಒಲಿ ಹೆಂಗ ಹೊತ್ತಿಸಬೇಕಂತ ಹೇಳ್ಲಿಲ್ಲ. ಮಾಳಗಿ ಎಲ್ಲಿ ಸೋರತೈತಿ ಅಂತ ಹೇಳ್ಲಿಲ್ಲ. ನಾ ದಿನಾ ಪೂರ್ತಿ ಗಿರಣ್ಯಾಗ ಇರಾಂವ. ಆ ಮನಿ ಆಕಿಗೆ ಗೊತ್ತಿತ್ತು, ನನಗ ಗೊತ್ತಿಲ್ಲ. ಉಳದದ್ದು ಯಾರನ್ನ ಕೇಳ್ಲಿ?"

ಅಜ್ಜಾರು ಟಂಟಂ ಕಡೆ ನೋಡಿದರು.

"ನಾಳಿಗೆ ಹೇಳ್ತೀನಿ," ಎಂದರು. "ಈಗ ಹೊಟ್ಟಿ ಹಸ್ದೈತಿ."

ಮರುದಿನ ಬೆಳಗ್ಗೆ ರೇವಪ್ಪ ಹೊರಗೆ ಬಂದಾಗ ಅಜ್ಜಾರು ಆಗಲೇ ಗಾಡಿಯಲ್ಲಿದ್ದರು. ಹಿಂದೆ ಅಲ್ಲ. ಮುಂದೆ, ಹ್ಯಾಂಡಲ್ ಹಿಡಿದು.

"ಇವತ್ತು ರೊಟ್ಟಿಗೆ ನಿಮ್ಮ ಊರ ಕಡೆ ಹೋಗೂಣು," ಎಂದರು. "ನಾ ಹೊಡೀತೀನಿ."

ರೇವಪ್ಪ ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡ, ಮನೆಯ ಕೀಲಿ ಇತ್ತು. ಹಗ್ಗ ಸುತ್ತತೊಡಗಿದ. ಸುತ್ತುತ್ತಲೇ ಹೇಳತೊಡಗಿದ.

"ಅಜ್ಜಾರ, ಕ್ಲಚ್ಚು ಒಮ್ಮೆಲೆ ಬಿಡಬ್ಯಾಡ್ರಿ. ಎಡಕ್ಕ ಹೊರಳೂ ಮುಂದ ಮುಂಗಡ ತಿರುವ್ರಿ, ಅದಕ್ಕ ಕಿವಿ ಮಂದ. ದಿನ್ನಿ ಬಂದ್ರ ಗೇರ್ ಮ್ಯಾಲ ಒಂದು ಕೈ ಇರ್ಲಿ. ಬ್ರೇಕ್ ಕಾಲಾಗ ಐತಿ, ಮೊಣಕಾಲು ನೋವಾದ್ರ ಹೇಳ್ರಿ. ಎದುರಿಗೆ ಲಾರಿ ಬಂದ್ರ ಕಣ್ಣು ಮುಚ್ಚಬ್ಯಾಡ್ರಿ. ನಿಮ್ಮ ಕಾವಿ ಗಾಳಿಗೆ ಹಾರತೈತಿ, ಅದನ್ನ ತುಸು ಒಳಗ ಸಿಗಸ್ರಿ. ಮತ್ತ..."

"ಸಾಕೋ ತಮ್ಮಾ," ಎಂದರು ಅಜ್ಜಾರು. "ಹಗ್ಗ ಎಳದು ಬಂದು ಹಿಂದ ಕುಂದರು. ಉಳದದ್ದು ಗಾಡೀನೇ ಹೇಳ್ತೈತಿ."