ಕೇರೆಯ ಉಪವಾಸ

ಹೊಳೆದಂಡೆಯ ಮಠದಲ್ಲಿ ಒಂದು ಕೇರೆ ಹಾವು ಉಪವಾಸ ಕೂತಿದೆ ಎಂಬ ಸುದ್ದಿ ಗುರು ಚಿಕ್ಕವೀರಯ್ಯನವರಿಗೆ ದಾರಿಯಲ್ಲೇ ಸಿಕ್ಕಿತು.

ಉಪವಾಸವಂತೆ! ಹಾವಿಗೆ!

ಊರೂರು ತಿರುಗಿ ದಣಿದಿದ್ದ ಗುರುಗಳು ದೋಣಿಯಿಂದ ಇಳಿದು ನೋಡಿದರೆ, ಮಠದ ಬಾಗಿಲಿಂದ ಹೊಳೆಯವರೆಗೆ ಜನ. ಕೈಯಲ್ಲಿ ಹೂವು, ಕರ್ಪೂರ, ಹಾಲಿನ ಚೊಂಬು. ಸಾಲಿನ ತುದಿಗೆ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯ ಮುಂಭಾಗಕ್ಕೆ ತಂತಿಯ ಜಾಲರಿ. ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದವನು ಶಿಷ್ಯ ಷಡಕ್ಷರಿ.

ಹಾವನ್ನು ಸಾಕಿದವನೂ ಅವನೇ. ಹದ್ದಿನ ಕಾಲಿನಿಂದ ಜಾರಿ ಅಂಗಳಕ್ಕೆ ಬಿದ್ದ ಮರಿ ಅದು. "ಗಾಯ ಮಾಯ್ದ ಮೇಲೆ ಬಿಟ್ಟುಬಿಡು" ಎಂದು ಹೇಳಿ ಗುರುಗಳು ಹೊರಟಿದ್ದರು. ಗಾಯ ಮಾಯಿತು. ಹಾವು ಬೆಳೆಯಿತು. ಈ ಮಹಾರಾಯ ಬಿಡಲಿಲ್ಲ.

"ಬನ್ನಿ ಬುದ್ಧಿ!" ಷಡಕ್ಷರಿ ಓಡಿಬಂದು ಕಾಲಿಗೆ ಬಿದ್ದ. "ನಮ್ಮ ಮಠದಲ್ಲಿ ಒಬ್ಬ ತಪಸ್ವಿ ಹುಟ್ಟಿಕೊಂಡಿದ್ದಾನೆ."

"ಯಾರಪ್ಪ ಅದು?"

"ನಮ್ಮ ಕೇರೆ. ಇಲಿ ಕೊಟ್ಟರೆ ಮೂಸೋದೂ ಇಲ್ಲ. ಹಿಂಸೆ ಬಿಟ್ಟುಬಿಟ್ಟಿದೆ ಬುದ್ಧಿ."

"ಇನ್ನೇನು ಮಾಡುತ್ತೆ ನಿನ್ನ ತಪಸ್ವಿ?"

"ಮೊದಮೊದಲು ಮಂಗಳಾರತಿ ಹೊತ್ತಿಗೆ ಜಾಲರಿಗೆ ತಲೆ ತಾಗಿಸಿ ತಾಗಿಸಿ ನಮಸ್ಕಾರ ಹಾಕ್ತಿತ್ತು. ಈಗ ಜಪಕ್ಕೆ ಕೂತಿದೆ. ಬಾಯಿ ಅರ್ಧ ತೆರೆದೇ ಇರುತ್ತೆ. ತುಟಿ ಅಂಚಲ್ಲಿ ನೊರೆ ಬರುತ್ತೆ. ಜನ ಅದನ್ನ ಅಮೃತ ಅಂತಾರೆ."

"ಜನ ಅಂತಾರೋ, ನೀನು ಹೇಳಿಕೊಟ್ಟೆಯೋ?"

ಷಡಕ್ಷರಿ ನೆಲ ನೋಡಿದ.

ಗುರುಗಳು ಪೆಟ್ಟಿಗೆಯ ಮುಂದೆ ಕೂತರು. ಒಳಗೆ ತಣ್ಣನೆಯ ಚಪ್ಪಡಿ ಕಲ್ಲು, ಅದರ ಮೇಲೆ ಚೆಲ್ಲಿದ ಹಾಲು, ಹಾಲಿನಲ್ಲಿ ಕೊಳೆತ ಹೂವು. ಮೂಲೆಯಲ್ಲಿ ಕೇರೆ ಮುದುರಿಕೊಂಡಿತ್ತು. ಪಾಪದ ಪ್ರಾಣಿ, ಬೆನ್ನುಮೂಳೆ ಎಣಿಸುವ ಹಾಗಿತ್ತು.

"ಬಾಗಿಲು ತೆಗಿ."

ಅವರು ಹಾವಿನ ಕತ್ತನ್ನು ಮೆಲ್ಲಗೆ ಹಿಡಿದು, ವೀಳ್ಯದೆಲೆಯ ತೊಟ್ಟಿನಿಂದ ಅದರ ಬಾಯಿ ಬಿಡಿಸಿದರು. ಒಸಡೆಲ್ಲ ಕೆಂಪಗೆ ಬಾತಿತ್ತು. ಹಲ್ಲಿನ ಸಾಲಿನ ಉದ್ದಕ್ಕೂ ಹಳದಿ ಕೀವು ಗಟ್ಟಿ ಮೊಸರಿನಂತೆ ಅಂಟಿಕೊಂಡಿತ್ತು. ಸಾಲಿನ ಮುಂದೆ ನಿಂತಿದ್ದ ಭಕ್ತೆ ಮಾದಮ್ಮ ಮೂಗಿಗೆ ಸೆರಗು ಹಿಡಿದಳು.

"ಏನಿದು ಷಡಕ್ಷರಿ?"

"ಕೀವು ಬುದ್ಧಿ."

"ಜೋರಾಗಿ ಹೇಳು. ದೋಣಿ ಹತ್ತಿರ ನಿಂತಿರೋರಿಗೂ ಕೇಳಲಿ."

"ಕೀವು!"

"ಅಯ್ಯೋ ಶಿವನೇ," ಎಂದಳು ಮಾದಮ್ಮ. "ನಾನು ಅಮೃತ ಅಂತ ಕಣ್ಣಿಗೆ ಒತ್ತಿಕೊಂಡಿದ್ದೆನಲ್ಲ!"

ಹಿಂದಿನಿಂದ ಒಬ್ಬ ರೇಗಿದ. "ನಾವು ಹರಕೆ ಹೊತ್ತು ಬಂದಿದ್ದೀವಿ ಸ್ವಾಮಿ. ನಮ್ಮ ಗತಿ?"

ಗುರುಗಳು ಎದ್ದು ನಿಂತರು. ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಬಾಯಿ ಕೊಳೆತು ಅನ್ನ ಸೇರದೆ ಸಾಯ್ತಿರೋ ಜೀವದ ಮುಂದೆ ನಿಂತು ವರ ಕೇಳಿದ್ರಲ್ಲ, ನಾಚಿಕೆ ಆಗಲಿಲ್ವಾ? ಹೋಗಿ. ಆ ದೋಣಿಯಲ್ಲಿ ಯಾರಾದ್ರೂ ಪಟ್ಟಣಕ್ಕೆ ಹೋಗಿ ಪಶುವೈದ್ಯರನ್ನ ಕರೆತನ್ನಿ. ಅದೇ ನಿಮ್ಮ ಹರಕೆ."

ಜನ ಗೊಣಗುತ್ತ ಚದುರಿದರು. ದೋಣಿ ಹೊರಟಿತು.

"ನೀನೆಲ್ಲಿಗೆ ಹೊರಟೆ?" ಎಂದರು ಗುರುಗಳು.

ಷಡಕ್ಷರಿ ನಿಂತ.

"ಈ ಜಾಲರಿಗೆ ನೀನೂ ಒಂದು ನಮಸ್ಕಾರ ಹಾಕು. ಹೊರಗೆ ಬರೋಕೆ ಅದು ಹಾಕಿದ ಹಾಗೇ. ಮೂತಿ ಒತ್ತಿ, ಆ ಕಡೆಯಿಂದ ಈ ಕಡೆಗೆ ಉಜ್ಜು."

ಅವನು ಮಂಡಿಯೂರಿದ. ತಂತಿಯ ಮೇಲೆ ಒಣಗಿದ ರಕ್ತ ಅವನಿಗೆ ಆಗ ಕಂಡಿತು. ದಿನಾ ಪೂಜೆ ಮಾಡುತ್ತಿದ್ದ ಕಣ್ಣಿಗೆ ಅದುವರೆಗೂ ಬಿದ್ದಿರಲಿಲ್ಲ. ಮುಖ ಒತ್ತಿ ಉಜ್ಜಿದ. ತಂತಿಯ ಚೂಪು ತುದಿ ತುಟಿಯನ್ನು ಗೀರಿತು.

"ಇನ್ನೊಂದು ಹಾಕ್ತೀಯಾ?"

"ಬೇಡ ಬುದ್ಧಿ. ಉರಿಯುತ್ತೆ."

ಅಷ್ಟರಲ್ಲಿ ಊಟದ ಗಂಟೆಯಾಯಿತು. ಪಂಕ್ತಿಯಲ್ಲಿ ಮುದ್ದೆ ಬಂತು, ಹುರುಳಿಕಾಳಿನ ಖಾರದ ಸಾರು ಬಂತು. ಷಡಕ್ಷರಿ ಒಂದು ತುತ್ತು ಬಾಯಿಗಿಟ್ಟ. ಕಣ್ಣಲ್ಲಿ ನೀರು ಚಿಮ್ಮಿತು. ಎಲೆಯ ಮುಂದೆ ಸುಮ್ಮನೆ ಕೂತ.

ಗುರುಗಳು ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದರು: "ಎಲ್ಲರೂ ಇತ್ತ ನೋಡಿ. ನಮ್ಮ ಷಡಕ್ಷರಿ ಉಪವಾಸ ಹಿಡಿದಿದ್ದಾನೆ. ಬಾಯಿ ಬೇರೆ ಅರ್ಧ ತೆರೆದಿದೆ, ಜಪ ಇರಬೇಕು. ಕೈಮುಗೀರಿ."

ಯಾರೂ ನಗಲಿಲ್ಲ. ಷಡಕ್ಷರಿ ಎಲೆ ಬಿಟ್ಟು ಎದ್ದುಹೋಗಿ ಪೆಟ್ಟಿಗೆಯ ಮುಂದೆ ಕೂತು ಅತ್ತ. ಅಳಲಿ ಬಿಡಿ, ಅಳಬೇಕಾದ್ದೇ.

ಸಂಜೆ ವೈದ್ಯರು ಬಂದರು. ಕೀವು ತೆಗೆದು, ಬಾಯಿ ತೊಳೆದು, ಒಂದು ಸೂಜಿ ಚುಚ್ಚಿದರು.

"ಈ ಔಷಧಿನ ನೀರಿಗೆ ಬೆರೆಸಿ, ಹತ್ತಿಯಲ್ಲಿ ಅದ್ದಿ, ಬೆಳಿಗ್ಗೆ ಸಂಜೆ ಒಸಡು ಒರೆಸಬೇಕು. ಜಾಗ ಒಣಗಿರಲಿ, ಬೆಚ್ಚಗಿರಲಿ. ಸೂಜಿ ಹಾಕೋಕೆ ನಾನೇ ಬರ್ತೀನಿ. ಆ ಜಾಲರಿ ಕಿತ್ತು ಬಿಸಾಕಿ. ಹಾಲು ಹುಯ್ಯೋರು ಹತ್ತಿರ ಬಂದ್ರೆ ಅಟ್ಟಿ."

"ಬದುಕುತ್ತಾ ಸಾರ್?"

"ದವಡೆ ಮೂಳೆಗೆ ಇಳಿದಿಲ್ಲದಿದ್ದರೆ ಬದುಕುತ್ತೆ. ಮೊದಲೇ ಯಾಕೆ ಕರೀಲಿಲ್ಲ?"

ಷಡಕ್ಷರಿ ಔಷಧಿ ಇಸಿದುಕೊಂಡು ಎದ್ದ.

ಅವನು ಪೆಟ್ಟಿಗೆ ತೊಳೆದ. ಜಾಲರಿ ಕಿತ್ತು, ಗಾಳಿಗೆ ತೂತು ಕೊರೆದ ನುಣುಪು ಹಲಗೆ ಹೊಡೆದ. ಒಣ ಬಟ್ಟೆ ಹಾಸಿ, ಅಡುಗೆಮನೆಯ ಒಲೆಯ ಗೋಡೆಗೆ ತಾಗಿಸಿ ಇಟ್ಟ. ಹಾವು ಬಾಲ ಬಡಿದು ಒದ್ದಾಡಿದರೂ ಹೊತ್ತಿಗೆ ಸರಿಯಾಗಿ ಬಾಯಿ ಒರೆಸಿದ.

ಒಂದು ಸಂಜೆ ಒರೆಸುತ್ತಲೇ ಕೇಳಿದ. "ಬುದ್ಧಿ, ನನಗೆ ಇದರ ಮೇಲೆ ಪ್ರೀತಿ ಇತ್ತಲ್ವಾ?"

"ಇತ್ತು. ಬಾಯಿ ತೆಗೆದು ನೋಡೋಷ್ಟು ಇರಲಿಲ್ಲ."

ಹಬ್ಬದ ದಿನ ಬೇರೆ ಊರಿನವರು ಹಾಲು ಹೂವು ಹಿಡಿದು ಬಂದರು. "ಜಪ ಮಾಡೋ ಹಾವು ಎಲ್ಲಿದೆಯಪ್ಪ?"

"ಜಪವೂ ಇಲ್ಲ, ಮಣ್ಣೂ ಇಲ್ಲ!" ಷಡಕ್ಷರಿ ಬಾಗಿಲಿಗೆ ಅಡ್ಡ ನಿಂತ. "ಅದಕ್ಕೆ ಬಾಯಿ ಹುಣ್ಣು. ಸುಳ್ಳು ಹೇಳಿದವನು ನಾನು. ಬೈಯೋದಿದ್ರೆ ನನಗೆ ಬೈದು ಹೋಗಿ, ಅದನ್ನ ಮಲಗೋಕೆ ಬಿಡಿ."

ಅವರು ಚೆನ್ನಾಗಿಯೇ ಬೈದು ಹೋದರು. ಜಗಲಿಯ ಮೇಲಿದ್ದ ಗುರುಗಳು ಕೇಳಿಯೂ ಕೇಳದವರಂತೆ ಹತ್ತಿ ಹಿಂಜುತ್ತಿದ್ದರು.

ಒಸಡಿನ ಬಾವು ಇಳಿಯಿತು. ಬಾಯಿ ಮುಚ್ಚಿಕೊಂಡಿತು. ಒಂದು ಬೆಳಿಗ್ಗೆ, ಕಣಜದ ಬೋನಿಗೆ ಬಿದ್ದಿದ್ದ ಇಲಿಯನ್ನು ಷಡಕ್ಷರಿ ಪೆಟ್ಟಿಗೆಯೊಳಗೆ ಬಿಟ್ಟಾಗ ಕೇರೆ ಗಬಕ್ಕನೆ ಹಿಡಿದು ನುಂಗಿತು.

"ತಿಂತು ಬುದ್ಧಿ! ತಿಂತು!" ಅವನು ಮಠವೆಲ್ಲ ಓಡಾಡಿದ.

ಮತ್ತೊಮ್ಮೆ ಬಂದ ವೈದ್ಯರು ನೋಡಿ, ಇನ್ನು ಬಿಡಬಹುದು ಎಂದರು. ಗುರುಗಳು ಷಡಕ್ಷರಿಯ ಮುಖ ನೋಡಿದರು. ಈ ಸಲ ಅವರು ಹೇಳಬೇಕಾಗಲಿಲ್ಲ. ಅವನೇ ಪೆಟ್ಟಿಗೆ ಹೊತ್ತು ಹೊಳೆದಂಡೆಗೆ ನಡೆದ. ಗುರುಗಳು ಹಿಂದೆ ಹೋದರು.

ಪೆಟ್ಟಿಗೆ ತೆರೆದ. ಕೇರೆ ನಾಲಿಗೆ ಚಾಚಿ ಗಾಳಿ ನೋಡಿತು. ಮರುಕ್ಷಣ ಜೊಂಡಿನೊಳಗೆ ನುಗ್ಗಿ ಮಾಯವಾಯಿತು.

ಷಡಕ್ಷರಿ ಖಾಲಿ ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿದ.

"ಇಷ್ಟೆಲ್ಲ ಮಾಡಿದೆ ಬುದ್ಧಿ. ಒಂದು ಸಲ ತಿರುಗಿಯೂ ನೋಡಲಿಲ್ಲ."

ಗುರುಗಳು ಮಠದ ಕಡೆ ಹೆಜ್ಜೆ ಹಾಕುತ್ತ ಹೇಳಿದರು:

"ಯಾಕೋ, ಇನ್ನೊಂದು ನಮಸ್ಕಾರ ಬೇಕಿತ್ತಾ?"