ಕಿರುಕೋಡಿಯವರು ಮೇಲಿನ ಕಣಕ್ಕೆ ಹೋದದ್ದು

ಒಂದು ರಾಜ್ಯ ಇತ್ತು. ಯಾವುದು, ಎಲ್ಲಿ ಅಂತ ಕೇಳಬೇಡಿ. ಕೇಳಿದ್ರೆ ನಾನು ಬಾಯಿಗೆ ಬಂದ ಹೆಸರು ಹೇಳ್ತೀನಿ, ನೀವು ನಂಬ್ತೀರಿ, ಆ ಪಾಪ ನನ್ನ ತಲೆಗೆ. ಆ ರಾಜ್ಯದ ರಾಜನಿಗೆ ಹಗ್ಗಜಗ್ಗಾಟ ಅಂದ್ರೆ ಪ್ರಾಣ. ಊಟ ಬಿಟ್ಟಾನು, ಹಗ್ಗ ಎಳೆಯೋದು ನೋಡೋದು ಬಿಡ.

ಅಲ್ಲಿ ಆಟಕ್ಕೆ ಎರಡು ಕಣ. ಮೇಲಿನ ಕಣ, ಕೆಳಗಿನ ಕಣ. ಮೇಲಿನ ಕಣ ಅರಮನೆ ಎದುರಿಗೆ. ಅಲ್ಲಿ ಐದು ದೊಡ್ಡ ಪೇಟೆಗಳ ತಂಡ. ಹಗ್ಗ ಎಳೆಯೋ ಆ ಜಗ್ಗಾಳುಗಳಿಗೆ ತುಪ್ಪ ಏನು, ಬಾದಾಮಿ ಏನು, ಮೈ ತಿಕ್ಕೋಕೆ ಆಳೇನು. ಕೆಳಗಿನ ಕಣ ಹಳ್ಳಿಯವರದು. ಯಾರದೋ ಗದ್ದೆ, ಯಾರದೋ ಹಗ್ಗ, ಗೆದ್ದವರಿಗೆ ಒಂದು ಬಾಳೆಗೊನೆ. ಅದನ್ನೂ ಸೋತವರ ಜೊತೆ ಕೂತು ತಿನ್ನೋದು.

ಕಡಲ ದಂಡೆಯಲ್ಲಿ ಕಿರುಕೋಡಿ ಅಂತ ಒಂದು ಸಣ್ಣ ಊರು. ಊರಿಗೆಲ್ಲ ಸೇರಿ ಒಂದೇ ಒಂದು ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬರ್ತಿದ್ರು, ಆಮೇಲೆ ಊರಿಗೆ ಊರೇ ದಂಡೆಯಲ್ಲಿ ನಿಂತು ಅದರ ಹಗ್ಗ ಎಳೀತಿತ್ತು. ಹೆಂಗೆ ಎಳೀತಿದ್ರು ಗೊತ್ತಾ? ಕಡಲು ತನ್ನ ಕಡೆ ಎಳೆದಾಗ ಇವರು ಹಿಮ್ಮಡಿ ಊರಿ ಸುಮ್ನೆ ನಿಲ್ತಿದ್ರು. ಕಡಲು ಸಡಿಲ ಬಿಟ್ಟಾಗ "ಐಲೇಸಾ" ಅಂತ ಕೂಗಿ ಒಂದು ಹೆಜ್ಜೆ ಹಿಂದೆ. ಮತ್ತೆ ನಿಲ್ಲೋದು, ಮತ್ತೆ ಐಲೇಸಾ. ದಿನಾ ಕಡಲಿನ ಜೊತೆ ಜಗ್ಗಾಡೋರನ್ನ ಗದ್ದೆಯಲ್ಲಿ ಸೋಲಿಸೋರು ಯಾರು? ಕೆಳಗಿನ ಕಣದಲ್ಲಿ ಪ್ರತಿ ವರ್ಷ ಅವರೇ ಗೆಲ್ತಿದ್ರು.

ಆ ಬಲೆಗೆ ಯಜಮಾನಿ ಮುಕಾಂಬಜ್ಜಿ. ಕಡ್ಡಿ ಥರ ಇದ್ಳು, ಬಾಯಿ ಮಾತ್ರ ಊರಗಲ. ಅವಳ ಮೊಮ್ಮಗ ಕುಷ್ಟ ತಂಡದ ಮುಂದಾಳು. ಅವನಿಗೆ ಒಂದೇ ಆಸೆ, ಮೇಲಿನ ಕಣದಲ್ಲಿ ಒಂದು ಸಲ ಹಗ್ಗ ಹಿಡೀಬೇಕು. ಉಣ್ಣುವಾಗ ಅದೇ ಮಾತು, ಬಲೆ ಒಣಗಿಸುವಾಗ ಅದೇ ಮಾತು.

ಹಿಂಗಿರುವಾಗ ಒಂದು ದಿನ ಕುದುರೆ ಮೇಲೆ ಚೆಲುವರಾಯ ಬಂದ. ಮೇಲಿನ ಕಣದ ಐದು ತಂಡದಲ್ಲಿ ಕೋಟೆಪೇಟೆ ತಂಡ ಇವನದು. ಮೀಸೆ ನೋಡಿದ್ರೆ ಎರಡು ಕಡೆ ಎರಡು ಚೇಳು ಕೂತಂಗೆ. ಹಿಂದೆ ಅವನ ಹತ್ತು ಜಗ್ಗಾಳುಗಳು.

"ತಾಯಿ, ನಿಮ್ಮ ಹುಡುಗರು ಗದ್ದೆಯಲ್ಲಿ ಎಳೆಯೋರಾ? ಛೆ ಛೆ. ಅರಮನೆ ಎದುರು ಎಳೆಯೋ ತೋಳು ಇವು. ಮೇಲಿನ ಕಣಕ್ಕೆ ಬನ್ನಿ, ನಾನು ರಾಜರಿಗೆ ಹೇಳ್ತೀನಿ" ಅಂದ.

ಕುಷ್ಟನ ಮುಖ ಅರಳಿತು. ಅಜ್ಜಿ ಮಾತ್ರ, "ಮೊದಲು ಊಟ ಮಾಡಿ ರಾಯರೇ" ಅಂದು ಎಲೆ ಹಾಕಿಸಿದ್ಳು. ಕೆಂಪಕ್ಕಿ ಅನ್ನ, ಬಂಗುಡೆ ಮೀನಿನ ಸಾರು. ಬಡಿಸುವಾಗ ಹೇಳಿದ್ಳು, "ನಮ್ಮಲ್ಲಿ ಒಂದು ಕಟ್ಟಳೆ ಉಂಟು. ಬಲೆಯ ಹಗ್ಗ ಹಿಡಿದವನಿಗೆ ಮೀನಿನ ಪಾಲು. ಪಾಲು ತಿಂದವನು ನಾವು ಕರೆದ ದಿನ ಬಂದು ಹಗ್ಗ ಹಿಡೀಬೇಕು. ನೆಂಟರಿಗೂ ಅದೇ, ದೊರೆಗೂ ಅದೇ. ಒಪ್ಪಿಗೆ ಇದ್ರೆ ಕೈ ಹಾಕಿ."

ಚೆಲುವರಾಯ ಆಗಲೇ ಬಾಯಿ ತುಂಬಿಕೊಂಡಿದ್ದ. "ಹೂಂ ಹೂಂ, ಆಯ್ತು" ಅಂದ. ಅವನ ಆಳುಗಳೂ ಹೂಂ ಅಂದ್ರು. ಊಟ ಮುಗಿದ ಮೇಲೆ ಅಜ್ಜಿ ಕೇಳಿದ್ಳು, "ಮೇಲಿನ ಕಣದಲ್ಲಿ ಈಗ ಎಷ್ಟು ತಂಡ ರಾಯರೇ?"

"ಐದು."

"ಹಾಗಾದ್ರೆ ನಾವು ಆರನೆಯವರು. ಯೋಚನೆ ಮಾಡ್ತೀವಿ" ಅಂದ್ಳು ಅಜ್ಜಿ.

ಎರಡನೇ ಸಲ ಬಂದಾಗ ಚೆಲುವರಾಯ ಹತ್ತು ಜರಿ ಪೇಟ ತಂದ. ಮತ್ತೆ ಬಂಗುಡೆ ಸಾರು. ಅಜ್ಜಿ ಮತ್ತೆ ಕಟ್ಟಳೆ ಹೇಳಿದ್ಳು, ಅವರು ಮತ್ತೆ ಹೂಂ ಅಂದ್ರು. ಕೈ ತೊಳೆಯುವಾಗ ಅಜ್ಜಿ ಕೇಳಿದ್ಳು, "ಹೋದ ವರ್ಷ ಮೇಲಿನ ಕಣದಲ್ಲಿ ಕೊನೆಗೆ ಬಂದವರು ಯಾರು?"

ಚೆಲುವರಾಯ ಮೀಸೆ ಒರೆಸಿಕೊಂಡ. "ನಾವೇ. ಆ ವರ್ಷ ಆಳುಗಳಿಗೆ ನೆಗಡಿ ಇತ್ತು."

"ಅದರ ಹಿಂದಿನ ವರ್ಷ?"

"ಆಗಲೂ ನೆಗಡಿ" ಅಂದು ಕುದುರೆ ಹತ್ತಿ ಹೋಗೇಬಿಟ್ಟ.

ಅವತ್ತು ಕುಷ್ಟ ಅಜ್ಜಿ ಮೇಲೆ ರೇಗಿದ. "ನಿಂಗೆ ಹೆದರಿಕೆ ಅಜ್ಜಿ. ಕೆಳಗೆ ನಮ್ಮನ್ನ ಸೋಲಿಸೋರು ಯಾರೂ ಉಳಿದಿಲ್ಲ. ಗೆದ್ದು ಗೆದ್ದು ನಂಗೆ ಬೇಜಾರು ಬಂದಿದೆ. ಕರೆಯೋರು ಬಂದು ಬಾಗಿಲಲ್ಲಿ ನಿಂತಿದ್ದಾರೆ, ನೀನು ಸಾರು ಬಡಿಸ್ಕೊಂಡು ಕೂತಿದ್ದೀಯ."

"ನಿನ್ನ ಆಸೆ ನಂಗೆ ಗೊತ್ತು ಮಗಾ, ನಂಗೂ ಅದೇ ಆಸೆ. ಕರೀತಾ ಇರೋನ ಆಸೆ ಏನು ಅಂತ ಹುಡುಕ್ತಾ ಇದ್ದೀನಿ" ಅಂದ್ಳು ಅಜ್ಜಿ.

ಮೂರನೇ ಸಲ ಚೆಲುವರಾಯ ಬಂದದ್ದು ರಾಜನ ಅಪ್ಪಣೆ ಹಿಡ್ಕೊಂಡು. ಇವನು ರಾಜನ ಹತ್ತಿರ ಹೋಗಿ, ಕಿರುಕೋಡಿಯವರು ಕಾಲಿಗೆ ಬಿದ್ದು ಬೇಡ್ತಾ ಇದ್ದಾರೆ ಅಂತ ಸುಳ್ಳು ಹೇಳಿದ್ದ. ಅಪ್ಪಣೆ ಹಿಂಗಿತ್ತು: ಕಿರುಕೋಡಿಯವರು ಈ ವರ್ಷದಿಂದ ಮೇಲಿನ ಕಣ. ಮೇಲಿನ ಕಣದ ಪದ್ಧತಿಯಂತೆ ಅವರ ಹತ್ತು ಜನ ಜಗ್ಗಾಳುಗಳು ವರ್ಷವಿಡೀ ರಾಜಧಾನಿಯಲ್ಲೇ ಇರಬೇಕು.

ಊರಿಗೆ ಸಿಡಿಲು ಬಡಿದಂಗಾಯ್ತು. ಗಟ್ಟಿ ತೋಳಿನ ಹತ್ತು ಜನ ಹೋದ್ರೆ ದಂಡೆಯಲ್ಲಿ ಉಳಿಯೋರು ಮುದುಕರು, ಬಾಣಂತಿಯರು, ಮಕ್ಕಳು. ಬಲೆ ಎಳೆಯೋರು ಯಾರು? ಬಲೆ ಬರದಿದ್ರೆ ಊರಿನ ಒಲೆ ಉರಿಯೋಲ್ಲ. ಕುಷ್ಟನೂ ತಲೆ ಬಗ್ಗಿಸಿ ನಿಂತ. ಮೇಲಿನ ಕಣ ಬೇಕು, ಆದ್ರೆ ಊರನ್ನ ಹಸಿವಿಗೆ ಹಾಕಿ ಹೋಗೋದು ಹೆಂಗೆ? ಅವನಿಗೆ ಅಳುವೇ ಬಂತು.

ಅಜ್ಜಿ ಏನೂ ಆಗದವಳಂಗೆ ಎಲೆ ಹಾಕಿದ್ಳು. ಬಂಗುಡೆ ಸಾರು, ಕಟ್ಟಳೆ, ಹೂಂ ಹೂಂ. ಆಮೇಲೆ ಕೇಳಿದ್ಳು, "ರಾಯರೇ, ಮೇಲಿನ ಕಣದಲ್ಲಿ ಮೂರನೇ ವರ್ಷವೂ ಕೊನೆಗೆ ಬಂದವರಿಗೆ ಏನಾಗ್ತದೆ?"

ಚೆಲುವರಾಯ ಈ ಸಲ ಬಿಂಕ ಬಿಟ್ಟು ನಕ್ಕ. "ಕೆಳಗಿನ ಕಣಕ್ಕೆ ಇಳೀಬೇಕು. ಇನ್ನು ಹೇಳಿದ್ರೆ ಏನಂತೆ? ಈ ವರ್ಷ ಕೊನೆಗೆ ಬರೋಕೆ ನೀವಿದ್ದೀರಲ್ಲ."

ಕೇಳಿದ್ರಾ ಆ ಮನುಷ್ಯನ ಬುದ್ಧಿ? ತಾನು ಬೀಳಬಾರದು ಅಂತ ಕೆಳಗೆ ಹಾಸೋಕೆ ಒಂದು ಊರನ್ನೇ ಹುಡುಕಿ ತಂದಿದ್ದ.

ಮಾರನೇ ದಿನ ಅಜ್ಜಿ ಹತ್ತೂ ಜನರನ್ನ ಕರ್ಕೊಂಡು ಅರಮನೆಗೆ ನಡೆದ್ಳು. ಚೆಲುವರಾಯ ತನ್ನ ಆಳುಗಳ ಜೊತೆ ಅಲ್ಲೇ ಇದ್ದ. ಅಜ್ಜಿ ಕೈ ಮುಗಿದು ಹೇಳಿದ್ಳು, "ದೊರೆ, ತಮ್ಮ ಅಪ್ಪಣೆ ತಲೆ ಮೇಲೆ. ಇಗೋ ನನ್ನ ಹತ್ತು ಜನ. ಆದ್ರೆ ಕಡಲ ದಂಡೆಗೂ ಒಂದು ಕಟ್ಟಳೆ ಉಂಟು, ತಮ್ಮ ಅಜ್ಜನ ಕಾಲದಲ್ಲೇ ಅರಮನೆ ಒಪ್ಪಿದ್ದು. ಪಾಲು ತಿಂದವನು ಕರೆದ ದಿನ ಹಗ್ಗ ಹಿಡೀಬೇಕು. ಕೋಟೆಪೇಟೆಯ ಹತ್ತು ಜಗ್ಗಾಳುಗಳು ನಮ್ಮ ಪಾಲು ತಿಂದಿದ್ದಾರೆ. ನಾನು ಕರೀತಾ ಇದ್ದೀನಿ. ನನ್ನವರು ಇಲ್ಲಿರೋವಷ್ಟು ದಿನ ಅವರು ನನ್ನ ಬಲೆ ಎಳೀಲಿ."

ರಾಜ ಆ ಆಳುಗಳ ಕಡೆ ತಿರುಗಿದ. "ತಿಂದಿದ್ದು ನಿಜವೇನ್ರೋ?"

ಅವರಲ್ಲಿ ಒಬ್ಬ ದಡಿಯ ಮುಂದೆ ಬಂದ. "ನಿಜ ಮಹಾಸ್ವಾಮಿ. ಮೂರು ಸಲ. ಪ್ರತಿ ಸಲ ಅಜ್ಜಿ ಕಟ್ಟಳೆ ಹೇಳಿದ್ಳು, ನಾವು ಹೂಂ ಅಂದ್ವಿ. ಸಾರು ಬಹಳ ಚೆನ್ನಾಗಿತ್ತು."

ಚೆಲುವರಾಯನ ಮೀಸೆ ಇಳಿಯಿತು. "ಮಹಾಸ್ವಾಮಿ, ಇವರನ್ನ ಕಳಿಸಿದ್ರೆ ನನ್ನ ಹಗ್ಗ ಎಳೆಯೋರು ಯಾರು?"

ಅಜ್ಜಿ ಅವನ ಕಡೆ ತಿರುಗಿದ್ಳು. "ನನ್ನ ಬಲೆ ಎಳೆಯೋರು ಯಾರು ಅಂತ ನೀವು ಒಂದು ಸಲ ಕೇಳಿದ್ರಾ ರಾಯರೇ?"

ರಾಜನಿಗೆ ನಗು ತಡೀಲಿಲ್ಲ. "ಕಟ್ಟಳೆ ಅಂದ್ರೆ ಕಟ್ಟಳೆ. ಹೊರಡ್ರಯ್ಯಾ ದಂಡೆಗೆ" ಅಂದ. ಚೆಲುವರಾಯನೂ ಉಂಡಿದ್ದನಲ್ಲ, ಅವನೂ ಹೊರಟ.

ಮಾರನೇ ಬೆಳಿಗ್ಗೆ ಕೋಟೆಪೇಟೆಯವರು ಬಲೆಯ ಹಗ್ಗ ಹಿಡಿದ್ರು. ಮೈಯಲ್ಲಿ ಬಲ ಇತ್ತಪ್ಪ, ಇಲ್ಲ ಅನ್ನೋಕಾಗಲ್ಲ. ಆದ್ರೆ ಎಲ್ಲರೂ ಒಟ್ಟಿಗೆ ದಬದಬ ಎಳೆದ್ರು. ಕಡಲು ತಿರುಗಿ ಎಳೀತು. ಮೊದಲನೇ ಸಲ ಮೊಣಕಾಲುದ್ದ ನೀರಿಗೆ ಹೋದ್ರು, ಎರಡನೇ ಸಲ ಸೊಂಟದುದ್ದ ನೀರಿಗೆ, ಮೂರನೇ ಸಲ ನೀರ ಮೇಲೆ ಹತ್ತು ತಲೆ, ಒಂದು ಮೀಸೆ. ದಂಡೆಯಲ್ಲಿದ್ದ ಬಾಣಂತಿಯರು ನಕ್ಕು ನಕ್ಕು ಕೂತರು. ಕೊನೆಗೆ ಮುದುಕರೇ ಬಂದು ಕೈ ಹಾಕಿ ಬಲೆ ಉಳಿಸಿದ್ರು.

ಒದ್ದೆ ಬಟ್ಟೆಯಲ್ಲೇ ಚೆಲುವರಾಯ ಅರಮನೆಗೆ ಓಡಿ ರಾಜನ ಎದುರು ನಿಂತ. "ಮಹಾಸ್ವಾಮಿ, ವರ್ಷವಿಡೀ ರಾಜಧಾನಿಯಲ್ಲಿ ಇರಬೇಕು ಅನ್ನೋ ಆ ಪದ್ಧತಿ ತೆಗೆದುಹಾಕಿ. ಯಾರ ಜಗ್ಗಾಳುಗಳು ಅವರ ಊರಲ್ಲೇ ಇರಲಿ, ಆಟದ ದಿನ ಬರಲಿ ಸಾಕು" ಅಂತ ತನ್ನ ಬಾಯಿಂದ ತಾನೇ ಬೇಡಿಕೊಂಡ. ರಾಜ ಹಾಗೇ ಆಗಲಿ ಅಂದ. ಕುಷ್ಟ ಊರಿಗೆ ಬಂದ, ಬಲೆ ಎಳೆದ, ಮೇಲಿನ ಕಣವೂ ಕೈಯಲ್ಲೇ ಉಳೀತು.

ಆಟದ ದಿನ ಬಂತು. ಕಿರುಕೋಡಿಯವರು ಕಣಕ್ಕಿಳಿದು "ಐಲೇಸಾ" ಅಂತ ಒಂದು ಸಲ ಕೂಗಿದ್ದೇ ತಡ, ಪೇಟೆಯ ಜನ ಗೊಳ್ಳೆಂದು ನಕ್ಕರು. "ಮೀನು ಮಾರೋಕೆ ಬಂದಿದ್ದೀರಾ?" ಅಂದ್ರು. ಹುಡುಗರಿಗೆ ನಾಚಿಕೆ ಆಯ್ತು. ಬಾಯಿ ಮುಚ್ಚಿಕೊಂಡು ಪೇಟೆಯವರ ಥರಾನೇ ದಬದಬ ಎಳೆದ್ರು. ಸೋತರು. ಒಂದು ತಂಡಕ್ಕಲ್ಲ, ನಾಲ್ಕೂ ದೊಡ್ಡ ತಂಡಕ್ಕೆ ಸೋತರು. ಸುಳ್ಳು ಯಾಕೆ ಹೇಳಲಿ ನಾನು?

ಉಳಿದದ್ದು ಕೋಟೆಪೇಟೆ ಒಂದೇ. ಅವರೂ ಆ ನಾಲ್ಕಕ್ಕೂ ಸೋತಿದ್ರು. ಇದರಲ್ಲಿ ಸೋತವರು ಕೊನೆ. ಮೂರು ಎಳೆತ, ಎರಡು ಗೆದ್ದವರದು ಆಟ. ಮೊದಲನೇ ಎಳೆತ ಕೋಟೆಪೇಟೆಗೆ ಹೋಯ್ತು. ಚೆಲುವರಾಯ ಮೀಸೆ ತಿರುವಿ, "ನಾನು ಹೇಳಿರಲಿಲ್ವಾ?" ಅಂದ.

ಆಗ ಜನರ ನಡುವಿಂದ ಅಜ್ಜಿ ಎದ್ದು ಕಣದ ಅಂಚಿಗೆ ಬಂದ್ಳು. "ಕುಷ್ಟಾ, ಮೇಲೆ ಬಂದದ್ದು ಯಾರು? ನಾವಾ, ಅಥವಾ ಪೇಟೆಯವರ ವೇಷ ಹಾಕಿದ ಬೇರೆ ಯಾರೋ? ನಗೋರು ನಗಲಿ. ದಿನಾ ಬೆಳಿಗ್ಗೆ ಹೆಂಗೆ ಎಳೀತೀಯೋ ಹಂಗೆ ಎಳಿ" ಅಂದು ತಾನೇ ಮೊದಲು ಕೂಗಿದ್ಳು, "ಐಲೇಸಾ."

ಊರಿಂದ ಬಂದವರೆಲ್ಲ ಕೂಗಿದ್ರು. ಕುಷ್ಟ ಹಿಮ್ಮಡಿ ಊರಿದ. ಕೋಟೆಪೇಟೆಯವರು ದಬದಬ ಎಳೆದ್ರು, ಇವರು ಅಲುಗಾಡಲಿಲ್ಲ. ಅವರು ಉಸಿರು ಬಿಟ್ಟರು, ಇವರು ಐಲೇಸಾ, ಒಂದು ಹೆಜ್ಜೆ. ಅವರು ಮತ್ತೆ ಎಳೆದ್ರು, ಇವರು ಮತ್ತೆ ನಿಂತರು. ಐಲೇಸಾ, ಇನ್ನೊಂದು ಹೆಜ್ಜೆ. ಎರಡನೇ ಎಳೆತ ಕಿರುಕೋಡಿಗೆ. ಮೂರನೆಯದರಲ್ಲಿ ಕೋಟೆಪೇಟೆಯವರು ಉಸಿರು ಬಿಡೋದನ್ನೇ ಇವರು ಕಾದು ಇಡೀ ತಂಡವನ್ನ ಗೆರೆ ದಾಟಿಸಿ ಕುಷ್ಟನ ಕಾಲ ಹತ್ತಿರ ತಂದು ಬೀಳಿಸಿದ್ರು. ಎಲ್ಲರಿಗಿಂತ ಮುಂದೆ ಮಣ್ಣಿಗೆ ಬಿದ್ದದ್ದು, ತಡೀಲಾರದೆ ತಾನೂ ಹಗ್ಗಕ್ಕೆ ಕೈ ಹಾಕಿದ್ದ ಚೆಲುವರಾಯ. ಆಗಷ್ಟೇ ನಕ್ಕಿದ್ದ ಪೇಟೆಯ ಜನವೇ ಎದ್ದು ನಿಂತು ಐಲೇಸಾ ಅಂತ ಕೂಗ್ತಿದ್ರು. ಮುಕಾಂಬಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ಕೂಗಿ, ಮತ್ತೆ ಒರೆಸಿಕೊಂಡ್ಳು. ಇಂಥ ಸಂತೋಷ ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ರಾಜ ಇಳಿದು ಬಂದು ಕೇಳಿದ, "ಅಜ್ಜಿ, ಮೇಲಿನ ಕಣ ಸಣ್ಣ ಊರಿನವರಿಗೆ ಸರಿಯೋ ತಪ್ಪೋ? ನೀನೇ ಹೇಳು."

"ದೊರೆ, ಗೆದ್ದವರು ಮೇಲೆ ಬರಲಿ, ಸೋತವರು ಕೆಳಗೆ ಹೋಗಲಿ. ನಡುವೆ ನಿಂತು ಕರೆಯೋಕೆ ಯಾರೂ ಬೇಡ" ಅಂದ್ಳು ಅಜ್ಜಿ. ಅವತ್ತಿಂದ ಆ ರಾಜ್ಯದಲ್ಲಿ ಅದೇ ಕಾನೂನು.

ಕೋಟೆಪೇಟೆ ಕೆಳಗಿನ ಕಣಕ್ಕೆ ಇಳೀತು. ಮುಂದಿನ ವರ್ಷ ಯಾರದೋ ಗದ್ದೆಯಲ್ಲಿ, ಹಂಚು ಸುಡೋರ ಊರಿನ ತಂಡಕ್ಕೆ ಚೆಲುವರಾಯ ಸೋತ. ಅವರು ಅವನನ್ನೂ ಕೂರಿಸಿಕೊಂಡು ಬಾಳೆಹಣ್ಣು ಕೊಟ್ಟರು. ಕಿರುಕೋಡಿಯವರು ಮೇಲಿನ ಕಣದಲ್ಲೇ ಇದ್ದರು, ಒಂದು ವರ್ಷ ಐದನೆಯವರು, ಒಂದು ವರ್ಷ ನಾಲ್ಕನೆಯವರು, ಆಮೇಲೆ ಒಂದು ವರ್ಷ ಮೊದಲನೆಯವರು.

ಇದರ ನೀತಿ ಬಿಡಿಸಿ ಹೇಳ್ತೀನಿ, ಇಲ್ಲದಿದ್ರೆ ನಾಳೆ ನೀವೇ ಏನೋ ಒಂದು ಮಾಡ್ಕೊಂಡು ಬರ್ತೀರಿ. ಸಣ್ಣವರು ಮೇಲೆ ಹೋಗೋದು ತಪ್ಪಲ್ಲ, ಧಾರಾಳವಾಗಿ ಹೋಗಿ. ಆದ್ರೆ ಕರೆಯೋನು ನಿಮಗೋಸ್ಕರ ಕರೀತಾನೋ ತನಗೋಸ್ಕರ ಕರೀತಾನೋ ಮೊದಲು ಕೇಳಿ. ಹೋಗುವಾಗ ಮನೆಯ ಒಲೆ ಆರಿಸಿ ಹೋಗಬೇಡಿ. ಅಲ್ಲಿಗೆ ಹೋದ ಮೇಲೆ ಯಾರು ಎಷ್ಟೇ ನಕ್ಕರೂ ನಿಮ್ಮ ಹಗ್ಗ ನಿಮ್ಮ ಥರಾನೇ ಎಳೀರಿ.