ಅಂಬುಜಕ್ಕನ ತಟ್ಟುಕೋಲು

ಹೊಳೆದಂಡೆಯ ಆ ಛತ್ರದಲ್ಲಿ ಅಂಬುಜಕ್ಕನ ಫೋಟೋ ಇಲ್ಲ. ಹಾರ ಹಾಕುವುದಕ್ಕೆ ಮೂರ್ತಿಯೂ ಇಲ್ಲ. ಹಜಾರದ ಗೂಡಿನಲ್ಲಿ ಒಂದು ಮರದ ಮಣೆ, ಅದರ ಮೇಲೆ ತುದಿ ಸವೆದ ಒಂದು ಗಿಡ್ಡ ಕೋಲು. ಅಷ್ಟೇ.

ಕ್ಯಾನ್ಸರಿಗೆ ಔಷಧಿ ಮಾಡಿಸಿಕೊಳ್ಳಲು ದೂರದ ಊರುಗಳಿಂದ ಬಂದ ಹೆಂಗಸರು ಅಲ್ಲಿ ಉಳಿಯುತ್ತಾರೆ. ಹೊಸದಾಗಿ ಬಂದವರು ಮೊದಲ ದಿನವೇ ಕೇಳುತ್ತಾರೆ, "ಈ ಕೋಲು ಯಾರದು?"

ಆಗ ಹಳಬರು ಹೇಳುವ ಕಥೆ ಇದು.

ಅಂಬುಜಕ್ಕ ಹೆಸರಾದ ನಾಟ್ಯಗುರು. ನಲವತ್ತಕ್ಕೆ ಅದೇ ಕಾಯಿಲೆ ಬಂತು. ಬದುಕಿಕೊಂಡಳು. ಪಟ್ಟಣದ ಶಾಲೆಗೆ ಬೀಗ ಹಾಕಿ ಛತ್ರಕ್ಕೆ ಬಂದು ಕೂತಳು. ಬೆಳಿಗ್ಗೆ ಹೆಂಗಸರ ಜೊತೆ ಆಸ್ಪತ್ರೆಗೆ ಹೋಗುವಳು. ಮಧ್ಯಾಹ್ನ ಅವರನ್ನು ಕುಣಿಸುವಳು. ನಿಲ್ಲಲಾಗದವರು ಕೂತು ಕುಣಿದರು. ಕೂರಲಾಗದವರು ಮಲಗಿ ಬೆರಳಲ್ಲಿ ಕುಣಿದರು.

ಶಾಲೆ ಬಿಟ್ಟು ಅವಳ ಹಿಂದೆ ಬಂದ ಶಿಷ್ಯೆ ಒಬ್ಬಳೇ, ಕುಮುದಾ. ಹನ್ನೆರಡು ವರ್ಷ ಕಲಿತವಳು. ಗೆಜ್ಜೆ ಕಟ್ಟಿದ ದಿನದಿಂದ ಒಂದು ಹೆಜ್ಜೆಯೂ ತಾಳ ತಪ್ಪಿದವಳಲ್ಲ. ಅದು ಅವಳಿಗೂ ಗೊತ್ತಿತ್ತು.

ಆದ್ದರಿಂದಲೇ ಅವಳಿಗೆ ಒಂದು ಸಂಕಟ. ಅಕ್ಕ ಮಣೆಯ ಮೇಲೆ ಕೋಲು ತಟ್ಟಿ ತಾಳ ಹಾಕುವಾಗ ಒಂದೊಂದು ಪೆಟ್ಟು ತಡವಾಗಿ ಬೀಳುತ್ತಿತ್ತು. ಒಂದೊಂದು ಬೀಳುತ್ತಲೇ ಇರಲಿಲ್ಲ. ನಾಡೆಲ್ಲ ಹೊಗಳಿದ ಕೈ ಅದು.

ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ತಾಳ ಎಳೀತಿದೆ. ಇನ್ನು ಕೋಲು ನನಗೆ ಕೊಡಿ."

"ಕೊಡ್ತೀನಿ ಕಣೇ. ತಾಳ ಯಾಕೆ ಎಳೀತು, ಹೇಳು. ಅವತ್ತೇ ಕೊಡ್ತೀನಿ."

"ವಯಸ್ಸಾಯ್ತು."

"ಅಲ್ಲ."

"ಕಾಯಿಲೆ."

"ಅದೂ ಅಲ್ಲ. ಹೋಗಿ ಕಾಫಿ ಮಾಡ್ಕೊಂಡು ಬಾ."

ಮಾರನೇ ದಿನ ಅಕ್ಕ ಅವಳನ್ನೂ ಆಸ್ಪತ್ರೆಗೆ ಕರೆದೊಯ್ದಳು. ಜೊತೆಗೆ ಮಾದೇವಮ್ಮ. ಚಾಮರಾಜನಗರದ ಕಡೆಯವಳು, ರೇಷ್ಮೆಹುಳು ಸಾಕುವವಳು. ಎಡ ಎದೆ ತೆಗೆದಿದ್ದರು. ಇನ್ನು ಇಪ್ಪತ್ತೈದು ದಿನ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳಬೇಕಿತ್ತು.

ಡಾಕ್ಟರು ಒಳ್ಳೆಯವರೇ. ಹೊರಗೆ ಸಾಲು ಉದ್ದವಿತ್ತು. ಜೊತೆಗೆ ಬಂದಿದ್ದ ಮಾದೇವಮ್ಮನ ತಮ್ಮನ ಮುಖ ನೋಡುತ್ತ ಗಡಗಡನೆ ಹೇಳಿ ಮುಗಿಸಿ, ಮುಂದಿನ ಚೀಟಿಗೆ ಕೈ ಚಾಚಿದರು.

ಅಂಬುಜಕ್ಕ ಆ ಚೀಟಿಯ ಮೇಲೆ ತನ್ನ ಕೈ ಇಟ್ಟಳು.

"ಡಾಕ್ಟ್ರೇ, ನೀವು ಆರನೇ ಮಾತಿಗೆ ಹೋದ್ರಿ. ಇವರಿನ್ನೂ ಮೊದಲನೇ ಮಾತಲ್ಲೇ ಇದ್ದಾರೆ."

"ಹೊರಗೆ ಎಷ್ಟು ಜನ ಇದ್ದಾರೆ ನೋಡಿದ್ದೀರಾ?"

"ನೋಡಿದ್ದೀನಿ. ಅವರ ಪಾಳಿ ಬಂದಾಗಲೂ ಹೀಗೇ ಕೈ ಇಡ್ತೀನಿ."

ಡಾಕ್ಟರು ಕನ್ನಡಕ ತೆಗೆದರು. ಕುರ್ಚಿ ತಿರುಗಿಸಿ ಮಾದೇವಮ್ಮನ ಮುಖ ನೋಡಿದರು. ಮೊದಲಿಂದ ಹೇಳಿದರು.

ದಾರಿಯಲ್ಲಿ ಕುಮುದಾ ಕೇಳಿದಳು, "ಅಕ್ಕ, ಇಷ್ಟು ಜಗಳ ಮಾಡೋ ಶಕ್ತಿ ನಿಮಗೆಲ್ಲಿಂದ ಬರುತ್ತೆ?"

"ಜಗಳ ಯಾರು ಮಾಡಿದ್ರು? ತಾಳ ಹಾಕಿದೆ ಅಷ್ಟೇ."

ಕುಮುದಾಳಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಒಪ್ಪಿಕೊಳ್ಳುವ ಜಾಯಮಾನವೂ ಅವಳದಲ್ಲ.

ಎರಡು ವಾರ ಕಳೆಯಿತು. ಅಕ್ಕನಿಗೆ ಬೆನ್ನುನೋವು ಹತ್ತಿತು. ಕಾಯಿಲೆ ಮರಳಿದೆ ಎಂದು ಆಸ್ಪತ್ರೆಯವರು ಹೇಳಿದರು. ಮೂಳೆಗೆ ಇಳಿದಿದೆ ಎಂದರು. ಅಕ್ಕ ಒಳಕೋಣೆಯಲ್ಲಿ ಮಲಗಿದಳು.

"ಇವತ್ತು ನೀನೇ ತಟ್ಟು. ಕೊಟ್ಟೆ ಅಂದ್ಕೋಬೇಡ, ಸಾಲ ಇದು," ಎಂದಳು.

ಕುಮುದಾ ಮಣೆಯ ಮುಂದೆ ಕೂತಳು. ಅವಳ ಪೆಟ್ಟು ಗಡಿಯಾರದಂತೆ ಬಿತ್ತು. ಹಜಾರಕ್ಕೆ ಹೊಸ ಕಳೆ ಬಂತು ಎಂದು ಅವಳಿಗೇ ಅನ್ನಿಸಿತು.

ಮಾದೇವಮ್ಮನ ಹೆಜ್ಜೆ ಮಾತ್ರ ಹಿಂದೆ ಉಳಿಯುತ್ತಿತ್ತು. ಎಡಗೈ ಭುಜದ ಮಟ್ಟಕ್ಕೆ ಏಳುವಷ್ಟರಲ್ಲಿ ತಾಳ ಒಂದು ಸುತ್ತು ಮುಗಿದಿರುತ್ತಿತ್ತು. ಅವಳನ್ನು ನೋಡಿ ಪಕ್ಕದವರೂ ತಡವರಿಸಿದರು.

ಕುಮುದಾ ಕೋಲು ನಿಲ್ಲಿಸಿದಳು.

"ಮಾದೇವಮ್ಮ, ನೀವು ತಾಳ ತಪ್ಪುತ್ತಿದ್ದೀರಿ. ನಿಮ್ಮಿಂದ ಎಲ್ಲರದೂ ಕೆಡ್ತಿದೆ. ಸ್ವಲ್ಪ ಹೊತ್ತು ಕೂತು ನೋಡಿ."

ಮಾದೇವಮ್ಮ ಕೂತಳು. ಸೆರಗನ್ನು ಎಡಭುಜದ ಮೇಲೆ ಎಳೆದುಕೊಂಡಳು.

ಮಾರನೇ ದಿನ ಅವಳು ಹಜಾರಕ್ಕೆ ಬರಲಿಲ್ಲ. ಕರೆಂಟ್ ಕೊಡಿಸಿಕೊಳ್ಳಲೂ ಹೋಗಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಆಗಿದ್ದದ್ದು ಹನ್ನೊಂದು ಸಲ. ಉಳಿದದ್ದು ಹದಿನಾಲ್ಕು. ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೋಗುತ್ತಾಳಂತೆ ಎಂದು ಸುದ್ದಿ ಬಂತು.

ಕುಮುದಾ ಒಳಕೋಣೆಗೆ ಓಡಿದಳು.

"ಅಕ್ಕ, ಮಾದೇವಮ್ಮ ಅರ್ಧಕ್ಕೇ ಬಿಟ್ಟು ಹೋಗ್ತಿದ್ದಾರೆ. ಹೋದ್ರೆ ಉಳಿಯಲ್ಲ. ನೀವು ಒಂದು ಮಾತು ಹೇಳಿ."

"ಏನು ಮಾಡಿದೆ?"

"ನಾನೇನೂ ಮಾಡ್ಲಿಲ್ಲ. ತಾಳ ತಪ್ಪುತ್ತಿದ್ರು, ತಿದ್ದಿದೆ."

ಅಂಬುಜಕ್ಕ ಮೆಲ್ಲಗೆ ಎದ್ದು ಕೂತಳು.

"ಮಣೆ, ಕೋಲು ತಾ."

ತಂದಳು.

"ಸೆರಗು ಕಟ್ಟು. ಮೊದಲನೇ ಅಡವು."

"ಈಗಲಾ? ಅಕ್ಕ, ಅಲ್ಲಿ ಅವರು ಗಂಟು ಕಟ್ತಿದ್ದಾರೆ..."

"ಸೆರಗು ಕಟ್ಟು ಅಂದೆ."

ಕೋಲು ಬಿತ್ತು. ಎಳೆಯಲಿಲ್ಲ, ತಡವಾಗಲಿಲ್ಲ. ಹಳೆಯ ಅಂಬುಜಕ್ಕನ ಕೈ. ಕುಮುದಾ ಬೆರಗಾಗಿ ಹೆಜ್ಜೆ ಹಾಕಿದಳು. ಎರಡನೇ ಸುತ್ತು ಕೂದಲೆಳೆಯಷ್ಟು ಬೇಗ. ಮೂರನೆಯದು ಇನ್ನಷ್ಟು. ಏಳನೇ ಸುತ್ತಿಗೆ ಅವಳಿಗೆ ಉಸಿರು ಸಾಲದಾಯಿತು. ಒಂಬತ್ತನೆಯದಕ್ಕೆ ಸೀರೆಯ ಅಂಚು ಮೆಟ್ಟಿ ಧೊಪ್ಪನೆ ಕೂತಳು.

ಅಕ್ಕ ಕೋಲು ಕೆಳಗಿಟ್ಟಳು.

"ಒಂದೊಂದು ಸುತ್ತಿಗೂ ಎಂಟು ಪೆಟ್ಟು ಸರಿ ಇತ್ತಾ?"

"ಇತ್ತು," ಕುಮುದಾ ಏದುಸಿರು ಬಿಟ್ಟಳು.

"ಎಲ್ಲಾದ್ರೂ ಒಂದು ಪೆಟ್ಟು ಬಿಟ್ಟೆನಾ?"

"ಇಲ್ಲ."

"ಹಾಗಾದ್ರೆ ನಿನ್ನಿಂದಲೇ ಕೆಟ್ಟಿತು. ಸ್ವಲ್ಪ ಹೊತ್ತು ಕೂತು ನೋಡು."

ಕುಮುದಾಳ ಮುಖ ಕೆಂಪಾಯಿತು. ಆ ಮಾತು ಅಕ್ಕನ ಕಿವಿಗೆ ಹೇಗೆ ಬಿತ್ತೋ.

"ಹೋಗಿ ಕ್ಷಮೆ ಕೇಳ್ತೀನಿ," ಎಂದಳು.

"ಅದನ್ನ ಇಟ್ಕೊಂಡು ಅವರೇನು ಮಾಡ್ತಾರೆ? ಹೋಗಿ ಅವರ ಹತ್ರ ತಾಳ ಕಲ್ತು ಬಾ."

"ಮಾದೇವಮ್ಮನ ಹತ್ರವಾ?"

"ಇಲ್ಲಿ ಇನ್ನೊಬ್ಬ ಮಾದೇವಮ್ಮ ಇದ್ದಾಳಾ?"

ಮಾದೇವಮ್ಮ ಕೋಣೆಯಲ್ಲಿ ಸೀರೆ ಮಡಿಸುತ್ತಿದ್ದಳು. ಒಂದೇ ಕೈಯಲ್ಲಿ. ತಲೆ ಎತ್ತಲಿಲ್ಲ.

"ಬುದ್ಧಿ ಯೋಳಕ್ಕೆ ಬಂದ್ಯಾ ತಾಯಿ? ಬ್ಯಾಡ. ಡಾಕ್ಟ್ರು ಎಣಿಸ್ತರೆ, ನರ್ಸಮ್ಮ ಎಣಿಸ್ತಳೆ, ನೀನೂವೆ ಎಣಿಸ್ದೆ. ಎಲ್ಲಾರ ಲೆಕ್ಕದಲ್ಲೂ ನಾನೇ ಹಿಂದೆ. ನನ್ ಹುಳದ ಮನೇಲಿ ಯಾರೂ ನನ್ನ ಹಂಗೆ ಎಣಿಸಕಿಲ್ಲ."

ಕುಮುದಾ ಹೊಸ್ತಿಲ ಒಳಗೆ ಕೂತಳು. ಹೇಳಬೇಕೆಂದು ತಂದದ್ದು ಒಂದು ಮಾತು. ಬಾಯಿಗೆ ಬಂದದ್ದು ಬೇರೆ.

"ಹುಳಕ್ಕೆ ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕ್ತೀರಿ?"

ಮಾದೇವಮ್ಮ ಅನುಮಾನದಿಂದ ನೋಡಿದಳು. "ಯಾಕೆ?"

"ಗೊತ್ತಿಲ್ಲ, ಅದಕ್ಕೆ."

"ನಾಕು ಸಲ. ಜ್ವರಕ್ಕೆ ಕೂತಾಗ ಮಾತ್ರ ಹಾಕಕಿಲ್ಲ."

"ಹುಳಕ್ಕೆ ಜ್ವರವಾ?"

ಮಾದೇವಮ್ಮನಿಗೆ ನಗು ಬಂತು. "ಅಯ್ಯೋ, ಅಷ್ಟೂ ತಿಳೀದಾ? ಪೊರೆ ಬುಡೋ ಮುಂಚೆ ಹುಳ ತಿನ್ನದು ಬುಟ್ಬುಡ್ತದೆ. ತಲೆ ಎತ್ಕೊಂಡು ಸುಮ್ಕೆ ಕೂತ್ಕತದೆ. ಅದ್ಕೆ ಜ್ವರ ಅಂತೀವಿ. ಒಟ್ಟು ನಾಕು ಜ್ವರ."

"ಎಷ್ಟು ಹೊತ್ತು ಕೂರುತ್ತೆ?"

"ಒಂದು ದಿನ ಅಂತರೆ. ಒಂದೊಂದು ಬ್ಯಾಗ ಏಳ್ತದೆ, ಒಂದೊಂದು ನಿಧಾನ."

"ಮೊದಲು ಎದ್ದದ್ದಕ್ಕೆ ಹಸಿವಾಗಲ್ವಾ?"

"ಆಯ್ತದೆ. ಕಾಯ್ಬೇಕು. ಮುಂದಿನವು ಎದ್ವು ಅಂತ ಸೊಪ್ಪು ಸುರಿದ್ರೆ ಹಿಂದಿನವು ಅಡೀಲಿ ಸಿಕ್ಕಿ ಸಾಯ್ತವೆ. ತಟ್ಟೆ ಮುಂದೆ ಕೂತು ನೋಡ್ತಿರಬೇಕು. ಹಿಂದಿನವೂ ಎದ್ವಾ, ಆಗ ಸೊಪ್ಪು ಹಿಂಗೆ..."

ಬಲಗೈ ಗಾಳಿಯಲ್ಲಿ ಸೊಪ್ಪು ಹರಡಿತು. ಮಾತಿನ ಭರದಲ್ಲಿ ಎಡಗೈಯೂ ಅದರ ಹಿಂದೆಯೇ ಎದ್ದಿತು. ನಿಧಾನವಾಗಿ, ಎದ್ದಷ್ಟೇ.

ಕುಮುದಾ ಆ ಕೈಯನ್ನೇ ನೋಡುತ್ತಿದ್ದಳು. ಅಕ್ಕನ ಕೋಲು ಗಾಳಿಯಲ್ಲಿ ನಿಂತುಬಿಡುತ್ತಿದ್ದ ಮಧ್ಯಾಹ್ನಗಳೆಲ್ಲ ನೆನಪಾದವು. ಕೋಲು ಮೇಲೆ, ಕಣ್ಣು ಕೆಳಗೆ, ಯಾರದೋ ಪಾದದ ಮೇಲೆ.

ಆಮೇಲೆ ಹೇಳಿದಳು, "ನಾಳೆ ನೀವು ಎದ್ದ ಮೇಲೆ ಕೋಲು ಹಾಕ್ತೀನಿ, ಮಾದೇವಮ್ಮ."

"ನಾನು ಏಳ್ದೇ ವೋದ್ರೆ?"

"ಕಾಯ್ತೀನಿ."

"ಬಸ್ಸು ಕಾಯ್ತದಾ?"

"ಬಸ್ಸು ನಾಡಿದ್ದೂ ಬರುತ್ತೆ."

ಮಾದೇವಮ್ಮ ಮಡಿಸಿದ ಸೀರೆಯನ್ನು ನೋಡಿದಳು. ಗಂಟಿಗೆ ಹಾಕಲಿಲ್ಲ. ಗೂಟಕ್ಕೂ ಹಾಕಲಿಲ್ಲ. ಮಂಚದ ಮೇಲೆ ಇಟ್ಟಳು.

ಮಾರನೇ ದಿನ ಕರೆಂಟಿಗೆ ಹೋದಳು. ಹನ್ನೆರಡನೆಯದು.

ಮಾದೇವಮ್ಮನದು ಇಪ್ಪತ್ತೈದು ಮುಗಿದ ದಿನ ಅಂಬುಜಕ್ಕ ತನ್ನನ್ನು ಹಜಾರಕ್ಕೆ ಕರೆದೊಯ್ಯಲು ಹೇಳಿದಳು. ಅಷ್ಟು ಹೊತ್ತಿಗೆ ಅವಳಿಗೆ ಕಾಲೂರಲು ಆಗುತ್ತಿರಲಿಲ್ಲ. ಒರಗುಕುರ್ಚಿಯಲ್ಲಿ ಎತ್ತಿ ತಂದು ಹಿಂದಿನ ಸಾಲಿನ ಕೊನೆಗೆ ಕೂರಿಸಿದರು.

"ಮುಂದೆ ಬನ್ನಿ ಅಕ್ಕ," ಎಂದಳು ಕುಮುದಾ.

"ಇವತ್ತು ನಾನು ಕಲಿಯೋಳು. ಕೋಲು ನಿನ್ನ ಹತ್ರ ಇದೆಯಲ್ಲ."

"ಇದು ಸಾಲ ಅಂದಿದ್ರಿ."

"ತಟ್ಟು, ನೋಡೋಣ."

ಹೆಂಗಸರು ಭೂಮಿಗೆ ನಮಸ್ಕರಿಸಿ ನಿಂತರು. ಕುಮುದಾ ಕೋಲು ಎತ್ತಿದಳು.

ಕಣ್ಣು ಕೆಳಗೆ ಹೋಯಿತು. ಸಾಲಿನಿಂದ ಸಾಲಿಗೆ ಹಾದು ಹಿಂದಿನ ಸಾಲಿನ ಕೊನೆಗೆ ಹೋಗಿ ನಿಂತಿತು. ಅಂಬುಜಕ್ಕನ ಪಾದ ನೆಲದ ಮೇಲೆ ಇಟ್ಟಂತೆಯೇ ಇತ್ತು. ಅಲುಗಲಿಲ್ಲ.

ಕುಮುದಾ ಕಾದಳು.

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಯಾರೋ ಕೆಮ್ಮಿದರು. ಬಾಗಿಲಲ್ಲಿ ಆಸ್ಪತ್ರೆಯ ಗಾಡಿಯವನು ಇಣುಕಿ, ಹೊತ್ತಾಯಿತೆಂದು ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ.

ಕುಮುದಾಳ ತೋಳು ನೋಯತೊಡಗಿತು. ಕೋಲು ಇಳಿಸಲಿಲ್ಲ.

ಕೊನೆಗೆ ಪಾದವಲ್ಲ, ಕುರ್ಚಿಯ ತೋಳಿನ ಮೇಲಿದ್ದ ಬಲಗೈಯ ಕಿರುಬೆರಳು ಎದ್ದಿತು. ಒಂದಿಷ್ಟೇ. ಇಳಿಯಿತು.

ಅದು ಇಳಿದ ಕ್ಷಣಕ್ಕೆ ಸರಿಯಾಗಿ ಕೋಲು ಮಣೆಯ ಮೇಲೆ ಬಿತ್ತು.

ಕುಮುದಾಳಿಗೆ ಕಣ್ಣು ಮಂಜಾಯಿತು. ಆ ಬೆರಳು ಬಿಟ್ಟು ಬೇರೇನೂ ಕಾಣಲಿಲ್ಲ. ಅದು ಇನ್ನೊಮ್ಮೆ ಏಳಲಿ ಎಂದು ಕೋಲು ಎತ್ತಿ ಹಿಡಿದು ಕಾಯುತ್ತಲೇ ಇದ್ದಳು.

"ಕೋಲು ಇನ್ನು ನಿಂದೇ. ನನ್ನ ನೋಡಿದ್ದು ಸಾಕು ಕಣೇ," ಎಂದಳು ಅಂಬುಜಕ್ಕ. "ಮಾದೇವಮ್ಮ ಆಗಿನಿಂದ ಕಾಲೆತ್ತಿಕೊಂಡೇ ನಿಂತಿದ್ದಾಳೆ, ಅಲ್ಲಿ ನೋಡು."